‘ಮುಂದೇನು?’ ಒಂದೇ ಪ್ರಶ್ನೆ, ನಾಲ್ಕು ಉತ್ತರ

ಚೆನ್ನೈನ ಅಣ್ಣಾ ಮೇಲ್ಸೇತುವೆಯ ಮಗ್ಗುಲಲ್ಲಿ ಬೆಳಗಾಗುವ ಹೊತ್ತಿಗೇ ಸಾಲು ಶುರುವಾಗಿರುತ್ತದೆ. ರಾತ್ರಿ ಬಸ್ಸಿನಲ್ಲೋ ರೈಲಿನಲ್ಲೋ ಬೆಂಗಳೂರು ಬಿಟ್ಟು ಬಂದವರು, ಲಾಡ್ಜಿನಲ್ಲಿ ಮುಖ ತೊಳೆದು ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿರುತ್ತಾರೆ. ಕೈಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಫೈಲು. ಅಮೆರಿಕದ ಕಾನ್ಸುಲೇಟಿನೊಳಕ್ಕೆ ಮೊಬೈಲು ಬಿಡುವುದಿಲ್ಲವಾದ್ದರಿಂದ ಅದು ರಸ್ತೆಯಾಚೆ ನಿಂತ ಅಪ್ಪನ ಜೇಬು ಸೇರಿರುತ್ತದೆ. ಹುಡುಗರ ತುಟಿ ಅಲ್ಲಾಡುತ್ತಿರುವುದು ಸ್ತೋತ್ರಕ್ಕಲ್ಲ, ಉರು ಹೊಡೆದ ಉತ್ತರಗಳಿಗೆ.

ಒಳಗೆ ಗಾಜಿನ ಕಿಟಕಿಯ ಮುಂದೆ ನಡೆಯುವ ಸಂದರ್ಶನ ಹೆಚ್ಚೆಂದರೆ ಎರಡು ಮೂರು ನಿಮಿಷದ್ದು. ಯಾವ ಯೂನಿವರ್ಸಿಟಿ? ಅದೇ ಯಾಕೆ? ಖರ್ಚು ಯಾರು ನೋಡಿಕೊಳ್ಳುತ್ತಾರೆ? ಓದು ಮುಗಿದ ಮೇಲೆ ಏನು? ಮೊದಲ ಮೂರಕ್ಕೆ ಒಬ್ಬೊಬ್ಬರದು ಒಂದೊಂದು ಉತ್ತರ. ಕೊನೆಯದಕ್ಕೆ ಮಾತ್ರ ಸಾಲಿನಲ್ಲಿರುವ ಬಹುತೇಕರದು ಒಂದೇ: ‘ವಾಪಸ್ ಬಂದು ಇಲ್ಲೇ ಕೆಲಸ ಮಾಡುತ್ತೇನೆ.’

ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು, ನಿಜ. ಆದರೆ ವೀಸಾ ಕೊಡುವ ಕೆಲಸ ಅದರ ಜೊತೆಗೇ ಶುರುವಾಗಲಿಲ್ಲ. ಹೀಗಾಗಿ ಐ.ಟಿ. ರಾಜಧಾನಿಯ ಹುಡುಗರು ಕಂಪ್ಯೂಟರ್ ಸೈನ್ಸ್ ಓದಲು ಅಮೆರಿಕಕ್ಕೆ ಹೊರಟರೆ ಮೊದಲು ಚೆನ್ನೈಗೋ ಹೈದರಾಬಾದಿಗೋ ಹೋಗಬೇಕು.

ನಮ್ಮ ಬೀದಿಯಲ್ಲಿ, ಬಂಧುಗಳಲ್ಲಿ ಅಮೆರಿಕಕ್ಕೆ ಸ್ನಾತಕೋತ್ತರ ಓದಿಗೆ, ಅಂದರೆ ‘ಎಂ.ಎಸ್. ಮಾಡಲು ಹೋದ’ ಒಬ್ಬರಾದರೂ ಇರುತ್ತಾರೆ. ಹೋದದ್ದು ಎಲ್ಲರಿಗೂ ಗೊತ್ತು. ಹೋಗಿ ಅಲ್ಲೇನು ಮಾಡುತ್ತಾರೆ, ಮುಂದೆ ಏನಾಗುತ್ತದೆ ಎಂಬುದು ಮನೆಯವರಿಗೂ ಅರ್ಧಂಬರ್ಧ.

ವಾಪಸ್ ಬರುತ್ತೇನೆಂದು ಹೇಳಲೇಬೇಕು

ಆ ಕೊನೆಯ ಪ್ರಶ್ನೆಯ ಹಿಂದೆ ಒಂದು ಕಾನೂನು ಕೂತಿದೆ. ಅಮೆರಿಕದ ವಲಸೆ ಕಾಯ್ದೆಯ 214(ಬಿ) ವಿಧಿಯ ಪ್ರಕಾರ, ತಾತ್ಕಾಲಿಕ ವೀಸಾ ಕೇಳಿ ಬಂದ ಬಹುತೇಕರು ಅಲ್ಲೇ ನೆಲೆಸಲು ಬಂದವರೆಂದೇ ಅಧಿಕಾರಿ ಭಾವಿಸಬೇಕು. ಹಾಗಲ್ಲ ಎಂದು ತೋರಿಸುವ ಹೊಣೆ ಅರ್ಜಿದಾರನದು. ವಿದ್ಯಾರ್ಥಿಗೆ ಸಿಗುವ ಎಫ್-1 ವೀಸಾಕ್ಕೂ ಇದೇ ನಿಯಮ. ಅನುಮಾನ ಬಂದರೆ ಪಾಸ್‌ಪೋರ್ಟಿನ ಜೊತೆ ಅಚ್ಚಾದ ಒಂದು ಕಾಗದ ವಾಪಸ್ ಬರುತ್ತದೆ. ಅದರಲ್ಲಿ ನಿಮ್ಮ ಜಾತಕವೇನೂ ಇರುವುದಿಲ್ಲ, ಈ ವಿಧಿಯ ಸಂಖ್ಯೆ ಇರುತ್ತದೆ ಅಷ್ಟೆ.

ತಮಾಷೆಯೆಂದರೆ, ಅದೇ ವಿದ್ಯಾರ್ಥಿ ಕೆಲವು ತಿಂಗಳ ಹಿಂದೆ ಇದೇ ಪ್ರಶ್ನೆಗೆ ಇನ್ನೆರಡು ಉತ್ತರ ಕೊಟ್ಟಿರುತ್ತಾನೆ. ಯೂನಿವರ್ಸಿಟಿಗೆ ಕಳಿಸಿದ ಸ್ಟೇಟ್‌ಮೆಂಟ್ ಆಫ್ ಪರ್ಪಸ್‌ನ ಕೊನೆಯ ಪ್ಯಾರಾದಲ್ಲಿ, ಅಂದರೆ ಹುಡುಗರ ಬಾಯಲ್ಲಿ ‘ಎಸ್‌ಓಪಿ’ಯಲ್ಲಿ, ಮಷೀನ್ ಲರ್ನಿಂಗ್‌ನಲ್ಲಿ ಸಂಶೋಧನೆ ಮಾಡುವ ಆಸೆ ಇರುತ್ತದೆ. ಬ್ಯಾಂಕಿನ ಮ್ಯಾನೇಜರ್ ಎದುರು ಕೂತಾಗ ಅದು ಡಾಲರ್ ಸಂಬಳ ಮತ್ತು ಕಂತಿನ ಲೆಕ್ಕವಾಗುತ್ತದೆ. ಅಮೆರಿಕಕ್ಕೆ ಹೋದ ಮೇಲೆ ಕಂಪನಿಯ ಅರ್ಜಿ ನಮೂನೆ ಕೇಳುವಾಗ ನಾಲ್ಕನೆಯ ಉತ್ತರ ಕೊಡಬೇಕಾಗುತ್ತದೆ. ಅದಕ್ಕೆ ಮುಂದೆ ಬರೋಣ.

ಇದನ್ನು ಹುಡುಗರ ಸುಳ್ಳುಗಾರಿಕೆ ಎಂದರೆ ಅನ್ಯಾಯ. ಇಪ್ಪತ್ತೆರಡು ವರ್ಷದವರಿಗೆ ಮುಂದೇನು ಎಂದು ಖಚಿತವಾಗಿ ಗೊತ್ತಿರುವುದಿಲ್ಲ. ಗೊತ್ತಿಲ್ಲ ಎನ್ನುವ ಉತ್ತರವನ್ನು ಈ ವ್ಯವಸ್ಥೆಯ ಯಾವ ಕಿಟಕಿಯೂ ತೆಗೆದುಕೊಳ್ಳುವುದಿಲ್ಲ.

ಟ್ರಾನ್ಸ್‌ಕ್ರಿಪ್ಟ್‌ನಿಂದ ಸೈಟಿನ ಕಾಗದದವರೆಗೆ

ಹೊರಡುವುದು ಆಗಸ್ಟ್‌ನಲ್ಲಾದರೂ ಕೆಲಸ ಶುರುವಾಗುವುದು ಅದರ ಹಿಂದಿನ ವರ್ಷದ ಮಳೆಗಾಲದಲ್ಲಿ. ಅರ್ಜಿಗಳ ಗಡುವು ಹೆಚ್ಚಾಗಿ ಡಿಸೆಂಬರ್, ಜನವರಿ. ಅಷ್ಟರೊಳಗೆ ಟೋಫೆಲ್ ಅಥವಾ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆದಿರಬೇಕು, ಮೂವರು ಅಧ್ಯಾಪಕರಿಂದ ಶಿಫಾರಸು ಪತ್ರ ಪಡೆದಿರಬೇಕು, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ವಿದ್ಯಾರ್ಥಿಯಾದರೆ ಟ್ರಾನ್ಸ್‌ಕ್ರಿಪ್ಟ್‌ಗಾಗಿ, ಅಂದರೆ ದೃಢೀಕೃತ ಅಂಕಪಟ್ಟಿಗಾಗಿ ಅರ್ಜಿ ಹಾಕಿರಬೇಕು. ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಯ ದರ್ಬಾರು ಮೊದಲಿನಷ್ಟಿಲ್ಲ. ಕೋವಿಡ್ ಕಾಲದಲ್ಲಿ ಅದನ್ನು ಐಚ್ಛಿಕ ಮಾಡಿದ ಎಷ್ಟೋ ವಿಭಾಗಗಳು ಮತ್ತೆ ಕಡ್ಡಾಯ ಮಾಡಲಿಲ್ಲ. 2023ರ ಸೆಪ್ಟೆಂಬರ್‌ನಿಂದ ಪರೀಕ್ಷೆಯೇ ಎರಡು ಗಂಟೆಯೊಳಗೆ ಮುಗಿಯುವಷ್ಟು ಚಿಕ್ಕದಾಗಿದೆ.

ಫೆಬ್ರುವರಿ, ಮಾರ್ಚ್ ಹೊತ್ತಿಗೆ ‘ಅಡ್ಮಿಟ್’ ಬರಲಾರಂಭಿಸುತ್ತದೆ. ಆಮೇಲೆ ಯೂನಿವರ್ಸಿಟಿ ಐ-20 ಎಂಬ ಕಾಗದ ಕೊಡಬೇಕಾದರೆ ಮೊದಲ ವರ್ಷದ ಖರ್ಚಿಗೆ ಹಣವಿದೆ ಎಂದು ತೋರಿಸಬೇಕು. ಸೆವಿಸ್ ಎಂಬ ಸರ್ಕಾರಿ ದತ್ತಾಂಶ ವ್ಯವಸ್ಥೆಗೆ 350 ಡಾಲರ್, ವೀಸಾ ಅರ್ಜಿಗೆ 185 ಡಾಲರ್ ಕಟ್ಟಬೇಕು. ಸೆವಿಸ್ ಜಾರಿಗೆ ಬಂದದ್ದು 2001ರ ಅವಳಿ ಗೋಪುರ ದಾಳಿಯ ನಂತರ, 2003ರಲ್ಲಿ. ವಿದ್ಯಾರ್ಥಿ ಯಾವ ಕೋರ್ಸಿನಲ್ಲಿದ್ದಾನೆ, ಪೂರ್ಣಾವಧಿ ಓದುತ್ತಿದ್ದಾನೋ ಇಲ್ಲವೋ, ಎಲ್ಲಿ ವಾಸ, ಎಲ್ಲವೂ ಅದರಲ್ಲಿ ದಾಖಲು. ಅಲ್ಲಿರುವಷ್ಟು ದಿನ ಅದೇ ಅವನ ಆಧಾರ್ ಎನ್ನಬಹುದು.

ಖರ್ಚಿನ ವಿಚಾರ. ಸರ್ಕಾರಿ ಯೂನಿವರ್ಸಿಟಿಯೋ ಖಾಸಗಿಯೋ, ಊರು ಯಾವುದು ಎಂಬುದರ ಮೇಲೆ ಎರಡು ವರ್ಷದ ಎಂ.ಎಸ್. ಸಾಮಾನ್ಯವಾಗಿ 50 ಲಕ್ಷದಿಂದ ಒಂದು ಕೋಟಿ ರೂಪಾಯಿವರೆಗೆ ಹೋಗುತ್ತದೆ. 2021ರಲ್ಲಿ ಡಾಲರಿಗೆ 74 ರೂಪಾಯಿಯ ಆಸುಪಾಸು ಇತ್ತು. 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಅಲ್ಲಿಯ ಶುಲ್ಕ ಒಂದು ಪೈಸೆ ಏರದಿದ್ದರೂ ಇಲ್ಲಿಂದ ಹಣ ಕಟ್ಟುವ ಅಪ್ಪನಿಗೆ ಐದನೇ ಒಂದು ಭಾಗದಷ್ಟು ಹೆಚ್ಚು ಹೊರೆ.

ದೊಡ್ಡ ಮೊತ್ತದ ಸಾಲಕ್ಕೆ ಸರ್ಕಾರಿ ಬ್ಯಾಂಕುಗಳು ಆಧಾರ ಕೇಳುತ್ತವೆ. ಮೈಸೂರಿನ ಸೈಟೋ ದಾವಣಗೆರೆಯ ಮನೆಯೋ ಅಡಮಾನವಾಗುವುದು ಇಲ್ಲಿ. ಆಧಾರವಿಲ್ಲದೆ ಕೊಡುವ ಖಾಸಗಿ ಹಣಕಾಸು ಸಂಸ್ಥೆಗಳಲ್ಲಿ ಬಡ್ಡಿ ಜಾಸ್ತಿ. ಓದು ಮುಗಿದ ಆರು ತಿಂಗಳಿಗೋ ಒಂದು ವರ್ಷಕ್ಕೋ ಕಂತು ಶುರು. ಈ ಒಂದು ದಿನಾಂಕವನ್ನು ಗಮನದಲ್ಲಿಡಿ. ಹುಡುಗ ಅಥವಾ ಹುಡುಗಿ ಅಲ್ಲಿ ತೆಗೆದುಕೊಳ್ಳುವ ಎಷ್ಟೋ ತೀರ್ಮಾನಗಳು, ಯಾವ ಪಾಠಕ್ಕೆ ಸೇರಬೇಕು ಎಂಬುದರ ಸಮೇತ, ಇದರ ಸುತ್ತ ಸುತ್ತುತ್ತವೆ.

ಸಿಡಿಯುವ ಹೋಂವರ್ಕ್

ಇಷ್ಟೆಲ್ಲ ಕೊಟ್ಟು ಸಿಗುವುದೇನು? ನನ್ನ ಮಟ್ಟಿಗೆ ಈ ಕಥೆಯ ಅತಿ ಒಳ್ಳೆಯ ಭಾಗ ಇದೇ, ಮತ್ತು ಇದನ್ನು ಕೇಳುವವರು ಕಡಿಮೆ.

ಕಂಪ್ಯೂಟರ್ ಸೈನ್ಸ್ ಅನ್ನು ಪ್ರತ್ಯೇಕ ವಿಭಾಗವಾಗಿ ಕಲಿಸುವುದನ್ನು ಅಮೆರಿಕದಲ್ಲಿ ಮೊದಲು ಶುರು ಮಾಡಿದ್ದು ಪರ್ಡ್ಯೂ ಯೂನಿವರ್ಸಿಟಿ, 1962ರಲ್ಲಿ. ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಗಿ ಮೆಲನ್‌ನಲ್ಲಿ ವಿಭಾಗ ಬಂದದ್ದು 1965ರಲ್ಲಿ. ಇಷ್ಟು ವರ್ಷಗಳಲ್ಲಿ ಅವರು ಪಳಗಿಸಿಕೊಂಡದ್ದು ಉಪನ್ಯಾಸಕ್ಕಿಂತ ಹೆಚ್ಚಾಗಿ ಹೋಂವರ್ಕನ್ನು.

ಒಂದು ಉದಾಹರಣೆ. ಕಾರ್ನೆಗಿ ಮೆಲನ್‌ನಲ್ಲಿ ಹುಟ್ಟಿ ಈಗ ನೂರಾರು ಕಾಲೇಜುಗಳಲ್ಲಿ ಬಳಕೆಯಲ್ಲಿರುವ ‘ಬಾಂಬ್ ಲ್ಯಾಬ್’. ವಿದ್ಯಾರ್ಥಿಗೆ ಒಂದು ಪ್ರೋಗ್ರಾಂ ಕೊಡುತ್ತಾರೆ. ಅದರ ಮೂಲ ಸಾಲುಗಳನ್ನು ಕೊಡುವುದಿಲ್ಲ, ಯಂತ್ರಕ್ಕೆ ಮಾತ್ರ ಅರ್ಥವಾಗುವ ರೂಪವನ್ನಷ್ಟೇ ಕೊಡುತ್ತಾರೆ. ಓಡಿಸಿದರೆ ಅದು ಸುಮ್ಮನೆ ಕಾಯುತ್ತದೆ. ನೀವು ಸರಿಯಾದ ಒಂದು ಸಾಲನ್ನು ಟೈಪ್ ಮಾಡಿದರೆ ಮೊದಲ ಹಂತ ನಿಷ್ಕ್ರಿಯ, ಹೀಗೆ ಆರು ಹಂತ. ತಪ್ಪಾದರೆ ಪರದೆಯ ಮೇಲೆ ‘ಬೂಮ್’ ಎಂದು ಬಂದು ಬಾಂಬು ಸಿಡಿಯುತ್ತದೆ, ಸಿಡಿದ ಸುದ್ದಿ ತಾನಾಗಿ ಅಧ್ಯಾಪಕರ ಸರ್ವರಿಗೆ ಹೋಗುತ್ತದೆ, ಅಂಕ ಕಡಿತ. ಒಬ್ಬೊಬ್ಬರ ಬಾಂಬಿನ ಉತ್ತರ ಬೇರೆ ಬೇರೆ, ಆದ್ದರಿಂದ ಗೆಳೆಯನನ್ನು ಕೇಳಿ ಪ್ರಯೋಜನವಿಲ್ಲ. ಡಿಬಗರ್ ಎಂಬ ಉಪಕರಣ ಹಿಡಿದು ಪ್ರೋಗ್ರಾಮನ್ನು ಒಂದೊಂದೇ ಹೆಜ್ಜೆ ನಡೆಸಿ, ಪ್ರೊಸೆಸರಿನ ಯಾವ ರಿಜಿಸ್ಟರಿನಲ್ಲಿ ಯಾವ ಸಂಖ್ಯೆ ಕೂತಿದೆ ಎಂದು ನೋಡುತ್ತಾ, ಅದು ಏನನ್ನು ಕಾಯುತ್ತಿದೆ ಎಂದು ಊಹಿಸಬೇಕು. ರಾತ್ರಿ ಹನ್ನೊಂದಕ್ಕೆ ಕೂತವರು ಎರಡನೇ ಹಂತ ದಾಟುವಾಗ ಬೆಳಕು ಹರಿದಿರುತ್ತದೆ. ಆದರೆ ಆ ರಾತ್ರಿಯ ನಂತರ ಕಂಪ್ಯೂಟರ್ ಹೇಗೆ ಓಡುತ್ತದೆ ಎಂಬುದು ಪಠ್ಯಪುಸ್ತಕದ ಚಿತ್ರವಾಗಿ ಉಳಿಯುವುದಿಲ್ಲ.

ನಮ್ಮಲ್ಲಿ ಲ್ಯಾಬ್ ಎಂದರೆ ರೆಕಾರ್ಡ್ ಪುಸ್ತಕ. ಸೀನಿಯರ್‌ಗಳಿಂದ ಇಳಿದುಬಂದ ಹತ್ತು ಹನ್ನೆರಡು ಪ್ರೋಗ್ರಾಂಗಳು, ಅಂದವಾದ ಅಕ್ಷರ, ಕೊನೆಗೆ ವೈವಾ. ಒಬ್ಬರದನ್ನು ಇನ್ನೊಬ್ಬರು ನೋಡಿ ಬರೆಯುವುದನ್ನು ನಾವು ಯಾರೂ ಕಳ್ಳತನ ಎಂದುಕೊಂಡವರಲ್ಲ, ಅದು ಸ್ನೇಹ. ಈ ಅಭ್ಯಾಸ ವಿಮಾನ ಹತ್ತಿ ಜೊತೆಗೇ ಹೋದಾಗ ಅನಾಹುತ. ಸಲ್ಲಿಸಿದ ಕೋಡ್ ಅನ್ನು ಅಲ್ಲಿ ‘ಮಾಸ್’ ಎಂಬ ತಂತ್ರಾಂಶದ ಮೂಲಕ ಹಾಯಿಸುತ್ತಾರೆ. ಅಲೆಕ್ಸ್ ಐಕನ್ ಎಂಬ ಪ್ರಾಧ್ಯಾಪಕರು ಬರ್ಕ್ಲಿಯಲ್ಲಿದ್ದಾಗ, 1994ರಲ್ಲಿ ರೂಪಿಸಿದ್ದು. ಅದು ಪ್ರೋಗ್ರಾಮಿನ ಹೆಸರುಗಳನ್ನೂ ಖಾಲಿ ಜಾಗಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ರಚನೆಯ ಬೆರಳಚ್ಚು ತೆಗೆದು ಉಳಿದವರ ಬೆರಳಚ್ಚಿನ ಜೊತೆ, ಹಿಂದಿನ ವರ್ಷದವರ ಜೊತೆಯೂ ಹೋಲಿಸುತ್ತದೆ. ವೇರಿಯಬಲ್‌ಗಳ ಹೆಸರು ಬದಲಿಸಿದರೆ ಸಾಕು ಎಂದುಕೊಂಡವರು ಸಿಕ್ಕಿಬೀಳುವುದು ಹೀಗೆ. ಪಾಠದಲ್ಲಿ ಫೇಲಾಗುವುದು ಸಣ್ಣ ಶಿಕ್ಷೆ. ಯೂನಿವರ್ಸಿಟಿಯಿಂದ ಅಮಾನತಾದರೆ ಸೆವಿಸ್ ದಾಖಲೆ ಮುಗಿಯುತ್ತದೆ, ಅದರ ಹಿಂದೆಯೇ ವಾಸದ ಹಕ್ಕು. ಅಮೆರಿಕದ ಸಹಪಾಠಿ ಅದೇ ತಪ್ಪಿಗೆ ಒಂದು ಸೆಮಿಸ್ಟರ್ ಮನೆಯಲ್ಲಿ ಕೂತು ವಾಪಸ್ ಬರಬಹುದು.

ಪ್ರಶ್ನೆ ಕೇಳುವುದೂ ಹೊಸದಾಗಿ ಕಲಿಯಬೇಕಾದದ್ದು. ಪ್ರಾಧ್ಯಾಪಕರನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಏಳುವುದಿಲ್ಲ. ‘ಸರ್’ ಎಂದೇ ಮೊದಲ ಸೆಮಿಸ್ಟರ್ ಕಳೆಯುತ್ತದೆ. ವಾರಕ್ಕೊಮ್ಮೆ ಬಾಗಿಲು ತೆರೆದು ಕೂರುವ ‘ಆಫೀಸ್ ಅವರ್ಸ್’ಗೆ ಹೋಗುವುದೆಂದರೆ ದಡ್ಡನೆಂದು ಒಪ್ಪಿಕೊಂಡಂತೆ ಎಂಬ ಅಳುಕು. ಈ ಅಳುಕನ್ನೇ ಬಂಡವಾಳ ಮಾಡಿಕೊಂಡ ಕಥೆಯೊಂದಿದೆ. ಐಐಟಿ ಕಾನ್ಪುರದ ಕಂಪ್ಯೂಟರ್ ಸೈನ್ಸ್ ತರಗತಿಯಲ್ಲಿ ಬೆರಳೆಣಿಕೆಯ ಹುಡುಗಿಯರಲ್ಲಿ ಒಬ್ಬರಾಗಿದ್ದ ಪೂಜಾ ಶಂಕರ್, ಹುಡುಗರ ಗುಂಪಿನಲ್ಲಿ ಅನುಮಾನ ಕೇಳಲಾರದೆ ಒಂಟಿಯಾಗಿ ಹೆಣಗಿದವರು. ಮುಂದೆ ಸ್ಟ್ಯಾನ್‌ಫರ್ಡ್‌ನಲ್ಲಿ ಎಂಬಿಎ ಓದುವಾಗ, 2009ರಲ್ಲಿ, ಅವರು ಕಟ್ಟಿದ ‘ಪಿಯಾಝಾ’ ಎಂಬ ಜಾಲತಾಣದಲ್ಲಿ ಹೆಸರು ಹೇಳದೆ ಪ್ರಶ್ನೆ ಹಾಕಬಹುದು, ಸಹಪಾಠಿಗಳೂ ಅಧ್ಯಾಪಕರೂ ಉತ್ತರಿಸಬಹುದು. ಅಮೆರಿಕದ ಕಂಪ್ಯೂಟರ್ ಸೈನ್ಸ್ ತರಗತಿಗಳಲ್ಲಿ ಅದು ಕರಿಹಲಗೆಯಷ್ಟೇ ಸಾಮಾನ್ಯವಾಯಿತು.

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ಹೋಂವರ್ಕ್ ಪರಂಪರೆ ಅಲುಗಾಡಿದೆ. ಕೆಲವು ಪಾಠಗಳಲ್ಲಿ ಅದನ್ನು ಬಳಸಬಹುದು, ಕೆಲವದರಲ್ಲಿ ಬಳಸಿದರೆ ನಕಲು. ಅಂಕದ ತೂಕ ಮತ್ತೆ ಪೆನ್ನು, ಕಾಗದದ ಪರೀಕ್ಷೆಯ ಕಡೆಗೆ ವಾಲುತ್ತಿದೆ. ಮೂರು ಗಂಟೆಯ ಪರೀಕ್ಷೆ ಬರೆದು ಬೆಳೆದ ನಮ್ಮವರಿಗೆ ಇದೇನೂ ಕಷ್ಟವಲ್ಲ ಬಿಡಿ.

ಹಾಲ್‌ನಲ್ಲಿ ಮಲಗುವವನಿಗೆ ಬಾಡಿಗೆ ಕಮ್ಮಿ

ಎರಡು ಕೋಣೆಯ ಫ್ಲ್ಯಾಟಿನಲ್ಲಿ ನಾಲ್ವರು, ಕೆಲವೊಮ್ಮೆ ಐವರು. ಹಾಲ್‌ನಲ್ಲಿ ಹಾಸಿಗೆ ಹಾಕಿಕೊಂಡವನ ಪಾಲಿನ ಬಾಡಿಗೆ ಕಡಿಮೆ. ಸೋನಾ ಮಸೂರಿ ಮೂಟೆ, ತೊಗರಿಬೇಳೆ, ಸಾಂಬಾರ್ ಪುಡಿ ಭಾರತೀಯ ಅಂಗಡಿಯಲ್ಲಿ ಸಿಗುತ್ತದೆ, ಕಾರಿರುವ ಯಾರಾದರೂ ತಿಂಗಳಿಗೊಮ್ಮೆ ಕರೆದುಕೊಂಡು ಹೋದರೆ. ಅಡುಗೆಯ ಸರದಿ ಫ್ರಿಜ್ಜಿನ ಮೇಲೆ ಅಂಟಿಸಿರುತ್ತದೆ. ಊರಿನಲ್ಲಿ ಲೋಟ ತೊಳೆಯದವರು ಇಲ್ಲಿ ಹುಳಿ ಮಾಡಲು ಕಲಿಯುತ್ತಾರೆ. ಕಲಿತದ್ದನ್ನು ಅಮ್ಮನಿಗೆ ವಿಡಿಯೊ ಕಾಲ್‌ನಲ್ಲಿ ತೋರಿಸುತ್ತಾರೆ.

ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯವರೆಗೆ ದುಡಿಯಬಹುದು. ಊಟದ ಹಾಲ್, ಗ್ರಂಥಾಲಯ, ಜಿಮ್‌ನ ಮುಂಭಾಗದ ಮೇಜು, ಹೀಗೆ. ಟೀಚಿಂಗ್ ಅಸಿಸ್ಟೆಂಟ್ ಕೆಲಸ ಸಿಕ್ಕರೆ ಅದೃಷ್ಟ. ಕೆಲವು ಕಡೆ ಬೋಧನಾ ಶುಲ್ಕವೂ ಮಾಫಿ. ಆದರೆ ಅದರಲ್ಲಿ ಪಿಎಚ್.ಡಿ.ಯವರಿಗೆ ಮೊದಲ ಪಾಲು. ಕ್ಯಾಂಪಸ್ಸಿನ ಹೊರಗೆ ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನಲ್ಲೋ ಕೈಗೆ ನಗದು ಪಡೆದು ದುಡಿಯುವವರೂ ಇದ್ದಾರೆ. ಸಿಕ್ಕಿಬಿದ್ದರೆ ವೀಸಾದ ಕಥೆ ಅಲ್ಲಿಗೆ ಮುಗಿಯಿತು.

ಊರಿನ ನೆನಪಿಗೆ ಕನ್ನಡ ಕೂಟಗಳಿವೆ. ಉತ್ತರ ಕ್ಯಾಲಿಫೋರ್ನಿಯಾದ ಕೂಟ 1973ರಷ್ಟು ಹಳೆಯದು. ಯುಗಾದಿಯ ದಿನ ಹೋಳಿಗೆ ಊಟಕ್ಕೆ ಹೋದ ವಿದ್ಯಾರ್ಥಿಗೆ ಅಲ್ಲಿ ಹೋಳಿಗೆಗಿಂತ ಉಪಯೋಗಕ್ಕೆ ಬರುವುದು, ಪಂಕ್ತಿಯಲ್ಲಿ ಪಕ್ಕ ಕೂತ ಹಿರಿಯರು ಯಾವ ಕಂಪನಿಯಲ್ಲಿದ್ದಾರೆ ಎಂಬ ಮಾಹಿತಿ.

ಬಂದ ತಿಂಗಳಿಗೇ ಕೆಲಸದ ಮೇಳ

ಅಮೆರಿಕದ ದೊಡ್ಡ ಕಂಪನಿಗಳು ಮುಂದಿನ ಬೇಸಿಗೆಯ ಇಂಟರ್ನ್‌ಶಿಪ್‌ಗೆ ಆಯ್ಕೆ ಶುರು ಮಾಡುವುದು ಸೆಪ್ಟೆಂಬರ್‌ನಲ್ಲಿ. ಆಗಸ್ಟ್ ಮಧ್ಯದಲ್ಲಿ ಇಳಿದ ವಿದ್ಯಾರ್ಥಿಗೆ ಬ್ಯಾಂಕ್ ಖಾತೆ ತೆರೆದು, ಚಳಿಗಾಲದ ಕೋಟು ಎಲ್ಲಿ ಅಗ್ಗ ಎಂದು ತಿಳಿಯುವ ಮುಂಚೆಯೇ ಕರಿಯರ್ ಫೇರ್ ಬರುತ್ತದೆ. ಒಂದೊಂದು ಮೇಜಿನ ಮುಂದೆ ಉದ್ದ ಸಾಲು, ಕೈಯಲ್ಲಿ ಒಂದೇ ಪುಟದ ರೆಸ್ಯೂಮೆ, ಮಾತಾಡಲು ಒಂದು ನಿಮಿಷ. ಅಲ್ಲಿಯ ಯೂನಿವರ್ಸಿಟಿಯಲ್ಲಿ ಇನ್ನೂ ಒಂದು ಗ್ರೇಡೂ ಬಂದಿಲ್ಲ.

ಆಮೇಲೆ ಆನ್‌ಲೈನ್ ಅರ್ಜಿ. ಅದರ ಕೊನೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ: ಈಗಾಗಲಿ ಮುಂದಾಗಲಿ ಇಲ್ಲಿ ಕೆಲಸ ಮಾಡಲು ಕಂಪನಿ ನಿಮಗಾಗಿ ವೀಸಾ ಅರ್ಜಿ ಹಾಕಬೇಕಾಗುತ್ತದೆಯೇ? ಪ್ರಾಮಾಣಿಕ ಉತ್ತರ ‘ಹೌದು’. ಹಾಗೆ ಒತ್ತಿದೊಡನೆ ಕೆಲವು ಕಂಪನಿಗಳ ಬಾಗಿಲು ಅಲ್ಲೇ ಮುಚ್ಚುತ್ತದೆ. ಕಾನ್ಸುಲೇಟಿನ ಕಿಟಕಿಯಲ್ಲಿ ಉಳಿಯುವುದಿಲ್ಲ ಎಂದವನು ಇಲ್ಲಿ ಉಳಿಯುತ್ತೇನೆ ಎನ್ನಬೇಕು. ನಾಲ್ಕನೆಯ ಉತ್ತರವೆಂದು ಮೊದಲು ಹೇಳಿದ್ದು ಇದನ್ನೇ.

ಬಾಗಿಲು ತೆರೆದ ಕಂಪನಿಯಲ್ಲೂ ಸಂದರ್ಶನವೆಂದರೆ ಒಗಟು ಬಿಡಿಸುವ ಸ್ಪರ್ಧೆ. ‘ಲೀಟ್‌ಕೋಡ್’ ತಾಣದ ನೂರಾರು ಲೆಕ್ಕಗಳನ್ನು ಹಗಲೂ ರಾತ್ರಿ ಬಿಡಿಸುವುದು ಎಂ.ಎಸ್. ವಿದ್ಯಾರ್ಥಿಯ ಅಘೋಷಿತ ಹೆಚ್ಚುವರಿ ಪಾಠ. ಕಷ್ಟದ, ಆದರೆ ಬದುಕಿಡೀ ಉಪಯೋಗಕ್ಕೆ ಬರುವ ಆಪರೇಟಿಂಗ್ ಸಿಸ್ಟಮ್ಸ್ ಪಾಠವನ್ನು ಕೈಬಿಟ್ಟು ಸುಲಭದ್ದನ್ನು ಆರಿಸಿಕೊಂಡು, ಉಳಿದ ಹೊತ್ತನ್ನು ಲೀಟ್‌ಕೋಡ್‌ಗೆ ಸುರಿಯುವವರು ಎಲ್ಲ ಕ್ಯಾಂಪಸ್‌ಗಳಲ್ಲೂ ಇದ್ದಾರೆ. ಕೋಟಿ ಕೊಟ್ಟು ಹೋಗಿ ಅಲ್ಲಿಯ ಒಳ್ಳೆಯ ಪಾಠದಿಂದ ತಪ್ಪಿಸಿಕೊಳ್ಳುವುದು ವಿಚಿತ್ರವೇ. ಕಂತಿನ ದಿನಾಂಕವನ್ನು ನೆನಪಿಸಿಕೊಂಡರೆ ಅಷ್ಟು ವಿಚಿತ್ರ ಅನಿಸುವುದಿಲ್ಲ.

ಇಂಟರ್ನ್‌ಶಿಪ್ ಸಿಕ್ಕರೆ ಸಿಪಿಟಿ ಎಂಬ ಅನುಮತಿ ಬೇಕು. ಅದಕ್ಕೆ ಸಾಮಾನ್ಯವಾಗಿ ಒಂದು ಶೈಕ್ಷಣಿಕ ವರ್ಷ ಮುಗಿದಿರಬೇಕು. ಬೇಸಿಗೆಯ ಆ ಮೂರು ತಿಂಗಳು ಚೆನ್ನಾಗಿ ಹೋದರೆ ಅದೇ ಕಂಪನಿಯಲ್ಲಿ ನೌಕರಿ ಸಿಗುವುದೂ ಉಂಟು.

ಮೂರು ವರ್ಷ, ಮೂರು ಚೀಟಿ

ಪದವಿಯ ನಂತರ ಒಂದು ವರ್ಷ ಕೆಲಸ ಮಾಡಲು ಓಪಿಟಿ ಎಂಬ ಅವಕಾಶವಿದೆ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದವರಿಗೆ 2008ರಲ್ಲಿ ಇನ್ನೂ 17 ತಿಂಗಳು ಸೇರಿಸಿದರು. 2016ರಲ್ಲಿ ಅದನ್ನು 24 ಮಾಡಿದರು. ಒಟ್ಟು ಮೂರು ವರ್ಷ. ಕಂಪ್ಯೂಟರ್ ಸೈನ್ಸ್‌ನ ಈ ಜನಪ್ರಿಯತೆಗೆ ಅರ್ಧ ಕಾರಣ ಈ ನಿಯಮ. ಇಲ್ಲಿ ಸಿವಿಲ್, ಮೆಕ್ಯಾನಿಕಲ್ ಓದಿದವರಿಗೂ ಮೂರು ವರ್ಷ ಸಿಗುತ್ತದೆ, ಆದರೆ ಆ ಮೂರು ವರ್ಷದೊಳಗೆ ಕೆಲಸ ಸಿಗುವ ಭರವಸೆ ಕಂಪ್ಯೂಟರಿನಲ್ಲಿ ಹೆಚ್ಚೆಂದು ಅವರೂ ಡೇಟಾ ಸೈನ್ಸ್ ಕಡೆ ತಿರುಗುತ್ತಾರೆ. ಅಮೆರಿಕದಲ್ಲಿರುವ ಭಾರತೀಯ ವಿದ್ಯಾರ್ಥಿಗಳು 2024-25ರಲ್ಲಿ 3,63,019. ಅವರಲ್ಲಿ 1,43,740 ಮಂದಿ ಓದು ಮುಗಿಸಿ ಓಪಿಟಿಯಲ್ಲಿದ್ದವರು. ಅಂದರೆ ಅಂಕಿ ಅಂಶದಲ್ಲಿ ‘ವಿದ್ಯಾರ್ಥಿ’ ಎನಿಸಿಕೊಂಡ ಹತ್ತು ಜನರಲ್ಲಿ ಸುಮಾರು ನಾಲ್ವರು ತರಗತಿಯಲ್ಲಿರಲಿಲ್ಲ, ಆಫೀಸಿನಲ್ಲಿದ್ದರು ಅಥವಾ ಕೆಲಸ ಹುಡುಕುತ್ತಿದ್ದರು.

ಹುಡುಕುವುದಕ್ಕೂ ಮಿತಿಯಿದೆ. ಮೊದಲ ವರ್ಷದ ಓಪಿಟಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ನಿರುದ್ಯೋಗಿಯಾಗಿ ಇರುವಂತಿಲ್ಲ. ವಿಸ್ತರಣೆ ಸೇರಿದರೆ 150 ದಿನ. ಹುಡುಗರು ಈ ದಿನಗಳನ್ನು ಎಣಿಸುವುದು ನೋಡಿದರೆ ಸಂಕಟವಾಗುತ್ತದೆ.

ಈ ಮೂರು ವರ್ಷದೊಳಗೆ ಎಚ್-1ಬಿ ಎಂಬ ಉದ್ಯೋಗ ವೀಸಾ ಸಿಗಬೇಕು. 1990ರ ಕಾಯ್ದೆಯಲ್ಲಿ ಹುಟ್ಟಿದ ಈ ವೀಸಾದ ವಾರ್ಷಿಕ ಮಿತಿ 65,000. ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಹೆಚ್ಚುವರಿ 20,000. ಕೇಳುವವರು ಹೆಚ್ಚಾದಾಗ ಮಾರ್ಚ್‌ನಲ್ಲಿ ಲಾಟರಿ, ಗೆದ್ದವರಿಗೆ ಅಕ್ಟೋಬರ್ 1ರಿಂದ ವೀಸಾ. 2023ರ ಮಾರ್ಚ್‌ನಲ್ಲಿ ಅರ್ಹ ನೋಂದಣಿಗಳು ಏಳೂವರೆ ಲಕ್ಷ ದಾಟಿದ್ದವು. ಒಬ್ಬರ ಹೆಸರಲ್ಲೇ ಹಲವು ಕಂಪನಿಗಳು ಚೀಟಿ ಹಾಕಿದ್ದು ಬಯಲಾಗಿ, ಮರುವರ್ಷದಿಂದ ಎಷ್ಟು ಕಂಪನಿ ಹಾಕಿದರೂ ಒಬ್ಬರಿಗೆ ಒಂದೇ ಚೀಟಿ ಎಂದಾಯಿತು. 2025ರ ಮಾರ್ಚ್‌ನಲ್ಲಿ ಅರ್ಹ ನೋಂದಣಿಗಳ ಸಂಖ್ಯೆ ಸುಮಾರು 3.44 ಲಕ್ಷಕ್ಕೆ ಇಳಿದು, 1.20 ಲಕ್ಷ ಆಯ್ಕೆಯಾದವು. ಮೂವರಲ್ಲಿ ಒಬ್ಬರಿಗೆ. ಓಪಿಟಿಯ ಮೂರು ವರ್ಷವೆಂದರೆ ಹೆಚ್ಚು ಕಡಿಮೆ ಮೂರು ಸಲ ಚೀಟಿ ಎತ್ತುವ ಅವಕಾಶ. ತರಗತಿಗೆ ಮೊದಲಿಗನಾಗಿ ಬಂದವನ ಹೆಸರು ಮೂರೂ ಸಲ ಬಾರದೆ, ಅವನಿಂದ ಹೋಂವರ್ಕ್ ಹೇಳಿಸಿಕೊಂಡವನ ಹೆಸರು ಮೊದಲ ಸಲವೇ ಬಂದಿರುವುದುಂಟು.

ಲಾಟರಿ ಗೆದ್ದರೂ ಗ್ರೀನ್ ಕಾರ್ಡಿನ, ಅಂದರೆ ಕಾಯಂ ವಾಸದ ಹಕ್ಕಿನ ಸಾಲು ಬೇರೆ. ಒಂದು ದೇಶಕ್ಕೆ ಶೇ 7ಕ್ಕಿಂತ ಹೆಚ್ಚು ಪಾಲಿಲ್ಲ ಎಂಬ ನಿಯಮದಿಂದಾಗಿ, 2025ರ ಕೊನೆಯಲ್ಲಿ ಸರದಿ ಬಂದದ್ದು 2013ರಲ್ಲಿ ಸಾಲು ಸೇರಿದ ಸ್ನಾತಕೋತ್ತರ ವರ್ಗದ ಭಾರತೀಯರಿಗೆ.

ಈ ಸಾಲಿನ ವಿಚಿತ್ರ ಹಳೆಯದೇ. ಮಣಿಪಾಲದಲ್ಲಿ ಎಂಜಿನಿಯರಿಂಗ್ ಮುಗಿಸಿ 1988ರಲ್ಲಿ ವಿಸ್ಕಾನ್ಸಿನ್ ಯೂನಿವರ್ಸಿಟಿಯ ಮಿಲ್ವಾಕೀ ಕ್ಯಾಂಪಸ್ಸಿಗೆ ಕಂಪ್ಯೂಟರ್ ಸೈನ್ಸ್ ಎಂ.ಎಸ್. ಮಾಡಲು ಹೋದ ಸತ್ಯ ನಾದೆಲ್ಲಾ, ಮೈಕ್ರೋಸಾಫ್ಟ್ ಸೇರಿ ಗ್ರೀನ್ ಕಾರ್ಡನ್ನೂ ಪಡೆದಿದ್ದರು. ಆದರೆ ಗ್ರೀನ್ ಕಾರ್ಡ್ ಇರುವವರ ಹೆಂಡತಿಗೆ ವೀಸಾ ಸಿಗಲು ವರ್ಷಗಟ್ಟಲೆ ಕಾಯಬೇಕು, ಎಚ್-1ಬಿ ಇರುವವರ ಹೆಂಡತಿ ಬೇಗ ಬರಬಹುದು. ಹೆಂಡತಿಯನ್ನು ಕರೆತರಲೆಂದು ನಾದೆಲ್ಲಾ 1994ರಲ್ಲಿ ದೆಹಲಿಯ ಅಮೆರಿಕ ರಾಯಭಾರ ಕಚೇರಿಗೆ ಹೋಗಿ ಗ್ರೀನ್ ಕಾರ್ಡ್ ವಾಪಸ್ ಕೊಟ್ಟು ಎಚ್-1ಬಿಗೆ ಇಳಿದರು. ಮುಂದೆ ಅದೇ ಕಂಪನಿಯ ಮುಖ್ಯಸ್ಥರಾದವರು ತಮ್ಮ ಆತ್ಮಕಥನದಲ್ಲಿ ಇದನ್ನು ಬರೆದುಕೊಂಡಿದ್ದಾರೆ.

2025 ಕಲಿಸಿದ್ದು

ಆ ವರ್ಷ ಒಂದರ ಮೇಲೊಂದು ಏಟು. ಏಪ್ರಿಲ್‌ನಲ್ಲಿ ಸಾವಿರಾರು ವಿದ್ಯಾರ್ಥಿಗಳ ಸೆವಿಸ್ ದಾಖಲೆಗಳು ದಿಢೀರನೆ ರದ್ದಾದವು. ಕೋರ್ಟ್ ಮೊಕದ್ದಮೆಗಳ ನಂತರ ಮರಳಿ ಸಿಕ್ಕವು. ಮೇ ಕೊನೆಯಿಂದ ಜೂನ್ 18ರವರೆಗೆ ಹೊಸ ಸಂದರ್ಶನದ ಸ್ಲಾಟ್‌ಗಳೇ ಇಲ್ಲ. ಶುರುವಾದಾಗ ಹೊಸ ಷರತ್ತು: ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಎಂಬ ಘೋಷಣೆ. ಅಮೆರಿಕದೊಳಗೇ ಎಫ್-1ನಿಂದ ಎಚ್-1ಬಿಗೆ ಬದಲಾಗುವವರಿಗೆ ಇದು ಅನ್ವಯಿಸದು ಎಂಬ ಸ್ಪಷ್ಟನೆ ಬರುವಷ್ಟರಲ್ಲಿ ಅಕ್ಟೋಬರ್ ಅರ್ಧ ಕಳೆದಿತ್ತು. ವರ್ಷದ ಕೊನೆಗೆ ಲಾಟರಿಯನ್ನೇ ಬದಲಿಸಿ, ಹೆಚ್ಚು ವೇತನದ ಹುದ್ದೆಗೆ ಹೆಚ್ಚು ಅವಕಾಶ ಎಂಬ ನಿಯಮ ತಂದರು. ಆಗತಾನೇ ಪದವಿ ಮುಗಿಸಿದವರಿಗೆ, ಅಂದರೆ ಕಡಿಮೆ ವೇತನದ ಹುದ್ದೆಯಲ್ಲಿರುವವರಿಗೆ ಇದರಿಂದ ನಷ್ಟ. ಆ ವರ್ಷದ ಶರತ್ಕಾಲದ ಸಮೀಕ್ಷೆಯಲ್ಲಿ ಅಮೆರಿಕಕ್ಕೆ ಹೊಸದಾಗಿ ಸೇರಿದ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆ ಶೇ 17ರಷ್ಟು ಕುಸಿದದ್ದರಲ್ಲಿ ಆಶ್ಚರ್ಯವಿಲ್ಲ.

ಬೇರೆ ದಾರಿಗಳು

ಜರ್ಮನಿಯ ಬಹುತೇಕ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಮೊದಲ ವರ್ಷದ ಖರ್ಚಿಗೆಂದು 11,904 ಯೂರೋ ವಿಶೇಷ ಖಾತೆಯಲ್ಲಿಡಬೇಕು, ನಮ್ಮ ಅಂಕಪಟ್ಟಿಗಳನ್ನು ಎಪಿಎಸ್ ಎಂಬ ಕಚೇರಿಯಲ್ಲಿ ಪರಿಶೀಲನೆ ಮಾಡಿಸಬೇಕು. ಓದಿನ ನಂತರ ಕೆಲಸ ಹುಡುಕಲು 18 ತಿಂಗಳು. ಭಾಷೆ ಕಲಿಯದೆ ಅಲ್ಲಿ ಕೆಲಸ ಹುಡುಕುವುದು ಕಷ್ಟ ಎಂಬುದನ್ನು ಕನ್ಸಲ್ಟೆನ್ಸಿಯವರು ಮೆಲುದನಿಯಲ್ಲಿ ಹೇಳುತ್ತಾರೆ. ಕೆನಡಾ 2024ರಿಂದ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿದೆ.

ನಿಜವಾಗಿಯೂ ಸಂಶೋಧನೆಯ ಆಸೆ ಇದ್ದವರಿಗೆ ನೇರ ಪಿಎಚ್.ಡಿ. ಇದೆ. ಐದಾರು ವರ್ಷ ಬೇಕು, ಆದರೆ ಶುಲ್ಕ ಮಾಫಿ, ತಿಂಗಳ ಭತ್ಯೆ ಬೇರೆ. ಸಾಲವಿಲ್ಲದೆ ಹೋಗಬಹುದಾದ ದಾರಿ ಇದಾದರೂ ಇದನ್ನು ಆರಿಸುವವರು ಕೆಲವೇ ಮಂದಿ, ಪ್ರವೇಶವೂ ಕಠಿಣ. ಮನೆಯಲ್ಲೇ ಕೂತು ಓದುವೆನೆಂದರೆ ಜಾರ್ಜಿಯಾ ಟೆಕ್ 2014ರಿಂದ ಕಂಪ್ಯೂಟರ್ ಸೈನ್ಸ್ ಎಂ.ಎಸ್. ಅನ್ನು ಪೂರ್ತಿ ಆನ್‌ಲೈನ್‌ನಲ್ಲಿ ನಡೆಸುತ್ತಿದೆ. ಶುರುವಾದಾಗ ಇಡೀ ಪದವಿಯ ಶುಲ್ಕ 7,000 ಡಾಲರ್‌ಗೂ ಕಡಿಮೆ ಇತ್ತು. ಪಾಠ, ಪರೀಕ್ಷೆಗಳ ಬಿಗಿ ಅಲ್ಲಿಯದೇ. ವೀಸಾ, ಲಾಟರಿ ಏನೂ ಇಲ್ಲ. ಓಪಿಟಿಯೂ ಇಲ್ಲ. ಎಂ.ಎಸ್. ಬೇಕಾಗಿರುವುದು ಕಲಿಕೆಗೋ ಕೆಲಸಕ್ಕೋ ಎಂದು ಮನೆಯಲ್ಲಿ ಚರ್ಚೆಯಾದರೆ ಈ ಪದವಿಯನ್ನು ಮುಂದಿಟ್ಟುಕೊಂಡು ಮಾತಾಡಿ, ಬೇಗ ಇತ್ಯರ್ಥವಾಗುತ್ತದೆ.

ವಾಪಸ್ ಬರುವುದು ಸೋಲು ಎಂಬ ಕಾಲ ಹೋಗಿದೆ ಎನ್ನಲಾರೆ, ಸೋದರತ್ತೆಯರ ಬಾಯಿ ಮುಚ್ಚುವವರಿಲ್ಲ. ಆದರೆ ಲೆಕ್ಕ ಬದಲಾಗಿದೆ. ಅಮೆರಿಕದಲ್ಲಿ ಕೆಲಸ ಕೊಡುವ ಕಂಪನಿಗಳದೇ ತಾಂತ್ರಿಕ ಕೇಂದ್ರಗಳು ಬೆಂಗಳೂರಿನ ಹೊರವರ್ತುಲ ರಸ್ತೆಯುದ್ದಕ್ಕೂ ಇವೆ. ಇನ್ನೂ 500 ತರುವ ಗುರಿಯಿಟ್ಟು ಕರ್ನಾಟಕ ಸರ್ಕಾರ 2024ರಲ್ಲಿ ಇದಕ್ಕೆಂದೇ ನೀತಿಯೊಂದನ್ನು ಪ್ರಕಟಿಸಿತು. ಲಾಟರಿ ಸೋತವರನ್ನು ಕಂಪನಿಯೇ ಇಲ್ಲಿಗೆ ವರ್ಗಮಾಡುವುದೂ ನಡೆದಿದೆ. ತೊಡಕಿರುವುದು ಸಾಲದಲ್ಲಿ. ಡಾಲರಿನಲ್ಲಿ ತೀರಿಸುವೆನೆಂದು ತೆಗೆದ 60 ಲಕ್ಷವನ್ನು ರೂಪಾಯಿ ಸಂಬಳದಲ್ಲಿ ತೀರಿಸಲು ಎರಡರಷ್ಟು, ಮೂರರಷ್ಟು ವರ್ಷ ಬೇಕು.

ಆದ್ದರಿಂದ ಈ ವರ್ಷ ಅರ್ಜಿ ಹಾಕುವ ಮನೆಯವರು ರ‍್ಯಾಂಕಿಂಗ್ ಪಟ್ಟಿಗಿಂತ ಮೊದಲು, ಆಯಾ ವಿಭಾಗದಲ್ಲಿ ಈಗ ಎರಡನೇ ವರ್ಷದಲ್ಲಿರುವ ಇಬ್ಬರನ್ನು ಹುಡುಕಿ ಮಾತಾಡಿಸುವುದು ಒಳ್ಳೆಯದು. ಹೋದ ಬೇಸಿಗೆಯಲ್ಲಿ ನಿಮ್ಮ ತರಗತಿಯ ಎಷ್ಟು ಜನರಿಗೆ ಇಂಟರ್ನ್‌ಶಿಪ್ ಸಿಕ್ಕಿತು? ಸಿಗದವರು ಏನು ಮಾಡುತ್ತಿದ್ದಾರೆ? ಬಾಡಿಗೆ ಎಷ್ಟು? ಯಾವ ಪ್ರೊಫೆಸರರ ಪಾಠವನ್ನು ಕಷ್ಟವಾದರೂ ಬಿಡಬಾರದು? ಅರ್ಜಿಯೊಂದಕ್ಕೆ ನೂರು ಡಾಲರಿನಷ್ಟು ಶುಲ್ಕ ತೆರುವಾಗ ಈ ಮಾತಿಗೆ ಕಾಸು ಬೇಕಿಲ್ಲ. ಅಲ್ಲಿಯ ಪೂರ್ವ ಕರಾವಳಿಗಾದರೆ ನಮ್ಮ ಸಂಜೆ ಏಳರ ಮೇಲೆ ಕರೆ ಮಾಡಿ. ಅದಕ್ಕೂ ಮುಂಚೆ ಮಾಡಿದರೆ ಅವರಿನ್ನೂ ಮಲಗಿರುತ್ತಾರೆ.